ಸಿಎಸ್‌ಎಸ್‌ನಲ್ಲಿ ಅಂತರ ವಿನ್ಯಾಸ

ಜಾಲಪುಟದ ಶೀರ್ಷಿಕೆ, ಪ್ಯಾರಾ, ಚಿತ್ರ, ಪಟ್ಟಿ, ಗುಂಡಿ ಮೊದಲಾದ ಘಟಕಗಳ ನಡುವೆಯೂ ಅವುಗಳ ಒಳಗೂ ಎಷ್ಟು ಖಾಲಿ ಜಾಗ ಇರಬೇಕೆಂದು ಸಿಎಸ್‌ಎಸ್ ಎಂಬ ಶೈಲಿ ಭಾಷೆಯಲ್ಲಿ ನಿಗದಿ ಮಾಡಿ, ಆ ನಿಯಮಗಳನ್ನು ಒಂದು ಕ್ರಮದಲ್ಲಿ ಇಟ್ಟುಕೊಳ್ಳುವ ಕೆಲಸಕ್ಕೆ ಅಂತರ ವಿನ್ಯಾಸ ಎನ್ನಬಹುದು. ಬಣ್ಣ ತಪ್ಪಿದರೆ ಓದುಗರಿಗೆ ಥಟ್ಟನೆ ಗೊತ್ತಾಗುತ್ತದೆ. ಅಂತರ ತಪ್ಪಿದರೆ ಪುಟ ಯಾಕೋ ಇಕ್ಕಟ್ಟು ಅನ್ನಿಸುತ್ತದೆಯೇ ಹೊರತು ಕಾರಣ ಹೊಳೆಯುವುದಿಲ್ಲ. ಹಾಗಾಗಿಯೇ ತಾಣ ಬೆಳೆಯುತ್ತ ಹೋದಂತೆ ಶೈಲಿ ಕಡತದಲ್ಲಿ ಅತಿ ಹೆಚ್ಚು ಕಸ ಸೇರುವುದು ಈ ಭಾಗದಲ್ಲಿ. ಒಂದೆಡೆ 15 ಪಿಕ್ಸೆಲ್, ಇನ್ನೊಂದೆಡೆ 17, ಮತ್ತೊಂದೆಡೆ 22; ಯಾವುದು ಯಾಕೆ ಎಂದು ಬರೆದವರಿಗೇ ಮರೆತಿರುತ್ತದೆ.

ಸಿಎಸ್‌ಎಸ್‌ನ ಅಂತರ ನಿಯಮಗಳು ಬಹುಮಟ್ಟಿಗೆ ರೋಮನ್ ಲಿಪಿಯ ಪುಟವನ್ನು ಎದುರಿಗಿಟ್ಟುಕೊಂಡು ಹುಟ್ಟಿದವು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವ ಕನ್ನಡಕ್ಕೆ ಆ ಅಳತೆಗಳು ಹಾಗೆಯೇ ಕೂಡಿಬರುವುದಿಲ್ಲ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಒಂದೇ ಪುಟದಲ್ಲಿ ಕೂರಿಸಬೇಕಾದ ಕಾಸರಗೋಡು ಜಿಲ್ಲೆಯಂಥ ಕಡೆ ಈ ತೊಡಕು ದಿನನಿತ್ಯದ್ದು.

ಹಿನ್ನೆಲೆ

ಸಾಲುಗಳ ನಡುವೆ ಜಾಗ ಬಿಡುವ ವಿದ್ಯೆ ಅಚ್ಚುಕೂಟದಿಂದ ಬಂದದ್ದು. ಕಾಸರಗೋಡು ಅಂದು ಸೇರಿದ್ದ ಕನ್ನಡ (ಕೆನರಾ) ಜಿಲ್ಲೆಯ ಕೇಂದ್ರವಾದ ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯ ತೆರೆಯಿತು. 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಅಲ್ಲಿಂದ 'ಮಂಗಳೂರು ಸಮಾಚಾರ' ಹೊರಡಿಸಿದಾಗ ಅದು ಕಲ್ಲಚ್ಚಿನ ಪತ್ರಿಕೆ. ಬರೆದದ್ದನ್ನೇ ಅಚ್ಚೊತ್ತುವ ಕಲ್ಲಚ್ಚಿನಲ್ಲಿ ಅಂತರವೆಲ್ಲ ಬರೆಯುವವನ ಕೈಯಳತೆ. ಮೊಳೆ ಜೋಡಣೆ ಬಂದ ಮೇಲೆ ಎರಡು ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಟ್ಟು ಜಾಗ ಮಾಡಿಕೊಳ್ಳಬೇಕಾಯಿತು. ಅಂದರೆ ಖಾಲಿ ಜಾಗವೂ ಎಣಿಸಿ, ಅಳೆದು ಇಡುವ ವಸ್ತುವಾಯಿತು.

ಜಾಲದ ಮೊದಲ ವರ್ಷಗಳಲ್ಲಿ ಈ ಶಿಸ್ತು ಇರಲಿಲ್ಲ. ಅಂತರ ಬೇಕಾದಲ್ಲಿ ಖಾಲಿ ಪ್ಯಾರಾ ತುರುಕುವುದು, ಕೋಷ್ಟಕದ ಮನೆಗಳನ್ನು ಖಾಲಿ ಬಿಡುವುದು, ಕಣ್ಣಿಗೆ ಕಾಣದ ಒಂದು ಪಿಕ್ಸೆಲಿನ ಚಿತ್ರವನ್ನು ಹಿಗ್ಗಿಸಿ ಇಡುವುದು ರೂಢಿಯಾಗಿತ್ತು. ನಾರ್ವೆಯ ಹೋಕನ್ ವಿಯುಮ್ ಲೀ 1994ರ ಅಕ್ಟೋಬರಿನಲ್ಲಿ ಶೈಲಿ ಭಾಷೆಯ ಪ್ರಸ್ತಾವ ಮುಂದಿಟ್ಟರು. ಬರ್ಟ್ ಬಾಸ್ ಅವರೊಡನೆ ಸೇರಿ ರೂಪಿಸಿದ ಮೊದಲ ಆವೃತ್ತಿಗೆ 1996ರ ಡಿಸೆಂಬರಿನಲ್ಲಿ ಜಾಲದ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಿನ ಮುದ್ರೆ ಬಿತ್ತು. ಮಾರ್ಜಿನ್, ಪ್ಯಾಡಿಂಗ್, ಲೈನ್-ಹೈಟ್ ಮೂರೂ ಅದರಲ್ಲೇ ಇದ್ದವು. ಎರಡನೆಯ ಆವೃತ್ತಿ 1998ರಲ್ಲಿ ಬಂದಿತು.

ಪೆಟ್ಟಿಗೆಯ ಲೆಕ್ಕ

ಸಿಎಸ್‌ಎಸ್ ಪ್ರತಿಯೊಂದು ಘಟಕವನ್ನೂ ಆಯತದ ಪೆಟ್ಟಿಗೆಯೆಂದೇ ಎಣಿಸುತ್ತದೆ. ನಡುವೆ ವಿಷಯ, ಅದರ ಸುತ್ತ ಪ್ಯಾಡಿಂಗ್, ಆಮೇಲೆ ಗೆರೆ ಅಥವಾ ಬಾರ್ಡರ್, ಎಲ್ಲಕ್ಕಿಂತ ಹೊರಗೆ ಮಾರ್ಜಿನ್. ಹಿನ್ನೆಲೆ ಬಣ್ಣ ಗೆರೆಯವರೆಗೂ ಹರಡುತ್ತದೆ, ಮಾರ್ಜಿನ್‌ಗೆ ಬಣ್ಣವಿಲ್ಲ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದಕ್ಕೆ ಇಷ್ಟು ಗೊತ್ತಿದ್ದರೆ ಸಾಕು: ಪೆಟ್ಟಿಗೆಯೊಳಗೆ ಉಸಿರಾಡಲು ಜಾಗ ಬೇಕಿದ್ದರೆ ಪ್ಯಾಡಿಂಗ್, ನೆರೆಯ ಪೆಟ್ಟಿಗೆಯನ್ನು ದೂರ ಸರಿಸಬೇಕಿದ್ದರೆ ಮಾರ್ಜಿನ್.

ಅಗಲದ ಲೆಕ್ಕದಲ್ಲಿ ಮಾತ್ರ ಒಂದು ತಕರಾರು ಬಹುಕಾಲ ಉಳಿಯಿತು. ಅಗಲ 300 ಪಿಕ್ಸೆಲ್, ಎರಡೂ ಬದಿಗೆ 20ರ ಪ್ಯಾಡಿಂಗ್, 1ರ ಗೆರೆ ಎಂದು ಬರೆದರೆ ಮೂಲ ನಿಯಮದ ಪ್ರಕಾರ ಪೆಟ್ಟಿಗೆ ತೆರೆಯ ಮೇಲೆ 342 ಪಿಕ್ಸೆಲ್ ಹಿಡಿಯುತ್ತದೆ. ಮೈಕ್ರೋಸಾಫ್ಟಿನ ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಲ್ಲವನ್ನೂ ಸೇರಿಸಿ 300 ಎಂದೇ ಹಿಡಿಯುತ್ತಿತ್ತು. ಆಗ ಎಲ್ಲರೂ ಅದನ್ನು ದೋಷವೆಂದು ಬೈದರು. ಕೊನೆಗೆ ಬಾಕ್ಸ್-ಸೈಜಿಂಗ್ ಎಂಬ ಗುಣ ಬಂದ ಮೇಲೆ ಎಲ್ಲರೂ ಅದೇ ಲೆಕ್ಕಕ್ಕೆ ಮರಳಿದರು. ಇಂದು ಹೊಸ ತಾಣ ಕಟ್ಟುವವರು ಬಹುಮಟ್ಟಿಗೆ ಕಡತದ ತಲೆಯಲ್ಲೇ ಎಲ್ಲ ಘಟಕಗಳಿಗೂ ಬಾರ್ಡರ್-ಬಾಕ್ಸ್ ಎಂದು ಬರೆದುಬಿಡುತ್ತಾರೆ. ಸಿಎಸ್‌ಎಸ್ ಕಾರ್ಯಕಾರಿ ತಂಡ ತನ್ನ ವಿನ್ಯಾಸದ ತಪ್ಪುಗಳ ಪಟ್ಟಿಯೊಂದನ್ನು ತಾನೇ ಇಟ್ಟುಕೊಂಡಿದೆ. ಅಗಲದ ಲೆಕ್ಕ ಮೊದಲಿನಿಂದಲೇ ಹೀಗಿರಬೇಕಿತ್ತು ಎಂಬ ಮಾತು ಅದರಲ್ಲಿದೆ.

ಅದೇ ಪಟ್ಟಿಯಲ್ಲಿರುವ ಇನ್ನೊಂದು ವಿಷಯ ಮಾರ್ಜಿನ್‌ಗಳ ವಿಲೀನ. ಒಂದರ ಕೆಳಗೊಂದಿರುವ ಎರಡು ಪೆಟ್ಟಿಗೆಗಳಲ್ಲಿ ಮೇಲಿನದಕ್ಕೆ 24, ಕೆಳಗಿನದಕ್ಕೆ 16 ಪಿಕ್ಸೆಲ್ ಮಾರ್ಜಿನ್ ಇದ್ದರೆ ನಡುವಿನ ಅಂತರ 40 ಆಗುವುದಿಲ್ಲ, ದೊಡ್ಡದಾದ 24 ಮಾತ್ರ ಉಳಿಯುತ್ತದೆ. ಪ್ಯಾರಾಗಳ ನಡುವೆ ಇದು ಅನುಕೂಲವೇ. ಆದರೆ ಹೊರ ಪೆಟ್ಟಿಗೆಗೆ ಗೆರೆಯೂ ಪ್ಯಾಡಿಂಗೂ ಇಲ್ಲದಿದ್ದಾಗ ಒಳಗಿನ ಮೊದಲ ಶೀರ್ಷಿಕೆಯ ಮಾರ್ಜಿನ್ ಹೊರಗೆ ಸೋರಿ, ಇಡೀ ಪೆಟ್ಟಿಗೆಯೇ ಕೆಳಕ್ಕೆ ಜಾರುತ್ತದೆ. ಹೊಸಬರ ಅರ್ಧ ದಿನ ಹಾಳಾಗುವುದು ಇಲ್ಲಿಯೇ. ಅಡ್ಡಡ್ಡ ಇರುವ ಮಾರ್ಜಿನ್‌ಗಳು ವಿಲೀನವಾಗುವುದಿಲ್ಲ. ಘಟಕಗಳನ್ನು ಸಾಲಾಗಿ ಅಥವಾ ಚೌಕಳಿಯಾಗಿ ಜೋಡಿಸುವ ಫ್ಲೆಕ್ಸ್, ಗ್ರಿಡ್ ವಿನ್ಯಾಸಗಳ ಮಕ್ಕಳ, ಅಂದರೆ ಒಳಪೆಟ್ಟಿಗೆಗಳ, ನಡುವೆಯೂ ಆಗುವುದಿಲ್ಲ. ಶೇಕಡಾವಾರಿನಲ್ಲಿ ಕೊಟ್ಟ ಪ್ಯಾಡಿಂಗ್ ಮೇಲೆ ಕೆಳಗೆ ಕೂಡ ಹೊರಪೆಟ್ಟಿಗೆಯ ಎತ್ತರವನ್ನಲ್ಲ, ಅಗಲವನ್ನೇ ಆಧರಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಅಂತರ ಯಾರದು?

ಅಂತರ ನಿಯಮಗಳನ್ನು ಕ್ರಮಕ್ಕೆ ತರುವ ಪ್ರಯತ್ನಗಳೆಲ್ಲ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಎರಡು ಘಟಕಗಳ ನಡುವಿನ ಜಾಗ ಯಾರ ಸೊತ್ತು?

ತೋಟದ ಉದಾಹರಣೆಯೊಂದನ್ನು ನೋಡೋಣ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಿಂದ ಸಿಪಿಸಿಆರ್‌ಐ ಎನಿಸಿಕೊಂಡ ಸಂಸ್ಥೆ ತೆಂಗಿಗೆ 7.5 ಮೀಟರ್, ಅಡಿಕೆಗೆ 2.7 ಮೀಟರ್ ಅಂತರವನ್ನು ಶಿಫಾರಸು ಮಾಡುತ್ತದೆ. ಆ ಲೆಕ್ಕದಲ್ಲಿ ಹೆಕ್ಟೇರಿಗೆ ಸುಮಾರು 175 ತೆಂಗು ಹಿಡಿಯುತ್ತವೆ. ಈ ಅಂತರ ತೋಟದ ನಕ್ಷೆಯಲ್ಲಿರುತ್ತದೆ, ಸಸಿಯ ಜೊತೆ ನರ್ಸರಿಯಿಂದ ಬರುವುದಿಲ್ಲ. ಅದೇ ಸಸಿಯನ್ನು ಮನೆಯಂಗಳದಲ್ಲಿ ಒಂಟಿಯಾಗಿ ನೆಟ್ಟರೆ ಆ ಅಳತೆಗೆ ಅರ್ಥವಿಲ್ಲ. ಜಾಲಪುಟದ ಘಟಕಕ್ಕೂ ಈ ನ್ಯಾಯ ಸಲ್ಲುತ್ತದೆ. ಗುಂಡಿಯೊಂದು ತನ್ನ ಹೊರಗಿನ ಮಾರ್ಜಿನನ್ನು ತಾನೇ ಹೊತ್ತುಕೊಂಡು ತಿರುಗಿದರೆ ಇನ್ನೊಂದು ಪುಟದಲ್ಲಿ ಅದನ್ನು ಅಳಿಸಲು ಮತ್ತೊಂದು ನಿಯಮ, ಅದನ್ನು ಮೀರಲು ಮಗದೊಂದು. ಕಡತ ಕೆಡುವುದು ಹೀಗೆ.

ಇದಕ್ಕೆ ಬಂದ ಉತ್ತರಗಳು ಹಲವು. ಬ್ರಿಟನ್ನಿನ ಹ್ಯಾರಿ ರಾಬರ್ಟ್ಸ್ 2012ರಲ್ಲಿ ಮಾರ್ಜಿನ್‌ಗಳೆಲ್ಲ ಒಂದೇ ದಿಕ್ಕಿಗೆ, ಅಂದರೆ ಕೆಳಕ್ಕೆ ಮಾತ್ರ ಇರಲಿ ಎಂದರು. ಹೇಡನ್ ಪಿಕರಿಂಗ್ 2014ರಲ್ಲಿ ಎರಡು ನಕ್ಷತ್ರಗಳ ನಡುವೆ ಒಂದು ಕೂಡು ಚಿಹ್ನೆ ಇಟ್ಟ ಮೂರೇ ಚಿಹ್ನೆಯ ಆಯ್ಕೆಕಾರಕವನ್ನು (ನಿಯಮ ಯಾವ ಘಟಕಗಳಿಗೆ ಎಂದು ಹೇಳುವ ಭಾಗ) ಸೂಚಿಸಿದರು. ಯಾವ ಘಟಕದ ಮುಂಚೆ ಇನ್ನೊಂದು ಘಟಕ ಇದೆಯೋ ಅದಕ್ಕೆ ಮಾತ್ರ ಮೇಲಂತರ ಕೊಡುವ ಈ ನಿಯಮ ಗೂಬೆಯ ಮುಖದಂತೆ ಕಾಣುವುದರಿಂದ ಆ ಹೆಸರಿನಿಂದಲೇ ಪ್ರಸಿದ್ಧ. ಮೊದಲ ಮಗುವಿಗೆ ಮೇಲೆ ಅನಗತ್ಯ ಜಾಗ ಬೀಳುವುದಿಲ್ಲ ಎಂಬುದೇ ಅದರ ಜಾಣತನ.

ಸಮಸ್ಯೆಯನ್ನು ಬುಡದಿಂದ ಕಿತ್ತದ್ದು ಗ್ಯಾಪ್ ಎಂಬ ಗುಣ. ಅಂತರವನ್ನು ಹೊರಪೆಟ್ಟಿಗೆಯಲ್ಲಿ ಒಂದೇ ಕಡೆ ಬರೆದರೆ ಅದು ಮಕ್ಕಳ ನಡುವೆ ಮಾತ್ರ ಬೀಳುತ್ತದೆ, ತುದಿಗಳಲ್ಲಿ ಇಲ್ಲ. ಗ್ರಿಡ್ ವಿನ್ಯಾಸ 2017ರಲ್ಲಿ ಪ್ರಮುಖ ಬ್ರೌಸರುಗಳಿಗೆ ಬಂದಾಗ ಇದೂ ಬಂದಿತು. ಫ್ಲೆಕ್ಸ್ ವಿನ್ಯಾಸಕ್ಕೆ ಫೈರ್‌ಫಾಕ್ಸ್ 2018ರಲ್ಲಿ, ಕ್ರೋಮ್ 2020ರಲ್ಲಿ, ಸಫಾರಿ 2021ರಲ್ಲಿ ಅದನ್ನು ಒಗ್ಗಿಸಿಕೊಂಡವು. ಇಂದು ಹೊಸದಾಗಿ ಕಟ್ಟುವ ತಾಣದಲ್ಲಿ ಘಟಕ ತನ್ನ ಪ್ಯಾಡಿಂಗನ್ನು ಮಾತ್ರ ಹೇಳಬೇಕು, ಹೊರಗಿನ ಅಂತರ ಹೊರಪೆಟ್ಟಿಗೆಯ ಹೊಣೆ ಎಂದು ಗೆರೆ ಎಳೆದುಕೊಳ್ಳುವುದೇ ಲೇಸು. ಲೇಖನದ ಗದ್ಯಭಾಗಕ್ಕೆ ಮಾತ್ರ ಮಾರ್ಜಿನ್ ವಿಲೀನ ಈಗಲೂ ಉಪಕಾರಿ.

ಅಳತೆಯ ಮೆಟ್ಟಿಲುಗಳು

ಎಷ್ಟು ಅಂತರ ಎಂಬುದಕ್ಕೆ ಬೆರಳೆಣಿಕೆಯ ಅಳತೆಗಳನ್ನು ಮೊದಲೇ ಗೊತ್ತುಮಾಡಿಕೊಂಡು ಅವುಗಳಿಂದಲೇ ಆರಿಸುವುದು ಎಲ್ಲರೂ ಒಪ್ಪಿದ ಪದ್ಧತಿ. ಗೂಗಲಿನ ಮಟೀರಿಯಲ್ ವಿನ್ಯಾಸ 8ರ ಗುಣಕಗಳನ್ನು ಹಿಡಿಯಿತು. 2018ರಲ್ಲಿ ಹೊರಬಂದ ಬೂಟ್‌ಸ್ಟ್ರಾಪ್ 4 ಎಂಬ ಸಿದ್ಧ ಶೈಲಿ ಚೌಕಟ್ಟು ಸೊನ್ನೆಯಿಂದ ಐದರವರೆಗೆ ಆರು ಮೆಟ್ಟಿಲುಗಳನ್ನಿಟ್ಟಿತು: 0, 0.25, 0.5, 1, 1.5 ಮತ್ತು 3 ರೆಮ್. ಅಂಥದೇ ಇನ್ನೊಂದು ಚೌಕಟ್ಟಾದ ಟೇಲ್‌ವಿಂಡ್‌ನ ಮೆಟ್ಟಿಲು 4 ಪಿಕ್ಸೆಲಿಗೆ ಸಮನಾದ ಕಾಲು ರೆಮ್. ರೆಮ್ ಎಂದರೆ ಪುಟದ ಮೂಲ ಅಕ್ಷರ ಗಾತ್ರ, ಸಾಮಾನ್ಯವಾಗಿ 16 ಪಿಕ್ಸೆಲ್. ಓದುಗರು ಬ್ರೌಸರಿನಲ್ಲಿ ಅಕ್ಷರ ಹಿಗ್ಗಿಸಿಕೊಂಡರೆ ಅಂತರವೂ ಜೊತೆಗೇ ಹಿಗ್ಗುತ್ತದೆ.

ಈ ಅಳತೆಗಳನ್ನು ಸಿಎಸ್‌ಎಸ್ ಚರಗಳಲ್ಲಿ ಹೆಸರಿಟ್ಟು ಕಡತದ ಆರಂಭದಲ್ಲಿ ಇಡಬಹುದು. ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲ. ಎರಡು ಅಡ್ಡಗೆರೆಯ ಮುಂದೆ 'ಅಂತರ-ಸಣ್ಣದು', 'ಅಂತರ-ದೊಡ್ಡದು' ಎಂದು ಕನ್ನಡ ಲಿಪಿಯಲ್ಲೇ ಬರೆದರೂ ಬ್ರೌಸರು ತಕರಾರಿಲ್ಲದೆ ಓದುತ್ತದೆ. ಈ ಸೌಲಭ್ಯವನ್ನು ಕನ್ನಡಿಗರು ಬಳಸುವುದು ತೀರಾ ಅಪರೂಪ.

ನಿಯಮಗಳನ್ನು ಪದರಗಳಾಗಿ ಜೋಡಿಸಲು 2022ರಿಂದ ಲೇಯರ್ ಎಂಬ ಸೂತ್ರ ಎಲ್ಲ ಪ್ರಮುಖ ಬ್ರೌಸರುಗಳಲ್ಲಿದೆ. ಚರಗಳು, ಮೂಲ ಶೈಲಿ, ವಿನ್ಯಾಸ, ಘಟಕ, ಕೊನೆಗೆ ಅಪವಾದ ಎಂಬ ಅನುಕ್ರಮವನ್ನು ಒಮ್ಮೆ ಘೋಷಿಸಿದರೆ ಯಾವ ನಿಯಮ ಯಾವುದನ್ನು ಮೀರಬೇಕು ಎಂಬ ಜಗಳ ಬಹುಪಾಲು ತೀರುತ್ತದೆ. ಎಲ್ಲಕ್ಕೂ ಮೊದಲು ಬ್ರೌಸರಿನ ಸ್ವಂತ ಅಂತರಗಳನ್ನು ತಿಳಿದಿರಬೇಕು: ಪುಟದ ಸುತ್ತ 8 ಪಿಕ್ಸೆಲ್, ಪ್ಯಾರಾದ ಮೇಲೆ ಕೆಳಗೆ ಒಂದು ಎಮ್ (ಅದರ ಅಕ್ಷರ ಗಾತ್ರದಷ್ಟು), ಪಟ್ಟಿಯ ಎಡಕ್ಕೆ 40 ಪಿಕ್ಸೆಲ್.

ಕನ್ನಡದ ಸಾಲು

ಮೇಲಿನದೆಲ್ಲ ಯಾವ ಭಾಷೆಗೂ ಒಂದೇ. ಕನ್ನಡದ ಕತೆ ಬೇರೆಯಾಗುವುದು ಸಾಲಿನ ಎತ್ತರದಲ್ಲಿ, ಅಂದರೆ ಲೈನ್-ಹೈಟ್‌ನಲ್ಲಿ. ರೋಮನ್ ಅಕ್ಷರದಲ್ಲಿ ಸಾಲಿನ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಮೇಲೆ ತಲೆಕಟ್ಟು, ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ', 'ಸ್ವಾತಂತ್ರ್ಯ'ದಂಥ ಪದಗಳಲ್ಲಿ ಒತ್ತಿಗೆ ಇನ್ನೊಂದು ಒತ್ತು ಸೇರಿಕೊಳ್ಳುತ್ತದೆ. ಇಂಗ್ಲಿಷ್ ಶೀರ್ಷಿಕೆಗೆ ಚೆಂದವೆನಿಸುವ 1.2ರ ಸಾಲೆತ್ತರವನ್ನು ಎರಡು ಸಾಲಿನ ಕನ್ನಡ ಶೀರ್ಷಿಕೆಗೆ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಓದುವ ಪಠ್ಯಕ್ಕೆ 1.6ರಿಂದ 1.8, ಶೀರ್ಷಿಕೆಗೆ 1.4ಕ್ಕಿಂತ ಕಡಿಮೆಯಾಗದಂತೆ ಇಟ್ಟುಕೊಂಡರೆ ಹೆಚ್ಚಿನ ಫಾಂಟುಗಳಲ್ಲಿ ತೊಂದರೆ ಬರುವುದಿಲ್ಲ.

ಈ ಸಂಖ್ಯೆಯನ್ನು ಅಳತೆಯ ಹೆಸರಿಲ್ಲದೆ ಬರೆಯುವುದು ಮುಖ್ಯ. ಪುಟಕ್ಕೆ 150 ಶೇಕಡಾ ಎಂದು ಬರೆದರೆ 16 ಪಿಕ್ಸೆಲ್ ಅಕ್ಷರಕ್ಕೆ 24 ಪಿಕ್ಸೆಲ್ ಎಂಬ ಉತ್ತರವೇ ಮಕ್ಕಳಿಗೆ ಬಳುವಳಿಯಾಗಿ ಹೋಗುತ್ತದೆ. 32 ಪಿಕ್ಸೆಲಿನ ಶೀರ್ಷಿಕೆಯೂ ಅದೇ 24ರಲ್ಲಿ ತೂರಬೇಕಾಗಿ ಬಂದು ಸಾಲಿನ ಮೇಲೆ ಸಾಲು ಬೀಳುತ್ತದೆ. ಬರಿಯ 1.5 ಎಂದು ಬರೆದರೆ ಬಳುವಳಿಯಾಗುವುದು ಉತ್ತರವಲ್ಲ, ಗುಣಕ.

ಅಚ್ಚುಕೂಟದ ಸೀಸದ ಪಟ್ಟಿ ಸಾಲುಗಳ ನಡುವೆ ಮಾತ್ರ ಕೂರುತ್ತಿತ್ತು. ಸಿಎಸ್‌ಎಸ್ ಹೆಚ್ಚುವರಿ ಎತ್ತರವನ್ನು ಪ್ರತಿ ಸಾಲಿನ ಮೇಲಕ್ಕೂ ಕೆಳಕ್ಕೂ ಸಮನಾಗಿ ಹಂಚುತ್ತದೆ. ಹಾಗಾಗಿ ಕನ್ನಡ ಗುಂಡಿಗಳ ಒಳಗಿನ ಪದ ನಡುಮಧ್ಯದಲ್ಲಿದ್ದರೂ ನಡುಮಧ್ಯದಲ್ಲಿ ಇದ್ದಂತೆ ಕಾಣುವುದಿಲ್ಲ. ಕಾಸರಗೋಡು ಜಿಲ್ಲೆಯ ಪಂಚಾಯತುಗಳ ಹೆಸರನ್ನು ಒಂದು ಸಾಲಿನ ಗುಂಡಿಗಳಲ್ಲಿ ಬರೆದು ನೋಡಬಹುದು: ಮೀಂಜ, ವರ್ಕಾಡಿ, ಎಣ್ಮಕಜೆ, ಪುತ್ತಿಗೆ, ಕುಂಬಳೆ, ಬದಿಯಡ್ಕ. 'ಮೀಂಜ'ದ ಕೆಳಗೆ ಜಾಗ ಖಾಲಿ. 'ಎಣ್ಮಕಜೆ'ಯಲ್ಲಿ ಮ ಒತ್ತು, 'ಪುತ್ತಿಗೆ'ಯಲ್ಲಿ ತ ಒತ್ತು, 'ಬದಿಯಡ್ಕ'ದಲ್ಲಿ ಕ ಒತ್ತು ಕೆಳಕ್ಕಿಳಿದು ಆ ಜಾಗವನ್ನು ತುಂಬುತ್ತವೆ. 'ವರ್ಕಾಡಿ'ಯ ಅರ್ಕಾವೊತ್ತು ಕೆಳಗಿಳಿಯುವುದಿಲ್ಲ, ಪಕ್ಕದಲ್ಲೇ ಕೂತು ಪದದ ಅಗಲ ಹೆಚ್ಚಿಸುತ್ತದೆ. ಗುಂಡಿಗೆ 36 ಪಿಕ್ಸೆಲ್ ಎಂದು ಗಟ್ಟಿ ಎತ್ತರ ಕೊಟ್ಟು ಮಿಕ್ಕಿದ್ದನ್ನು ಕತ್ತರಿಸುವ ನಿಯಮವನ್ನೂ ಹಾಕಿದರೆ ಸಣ್ಣ ತೆರೆಯಲ್ಲಿ ಹೆಸರು ಎರಡು ಸಾಲಾದಾಗ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ಎತ್ತರ ಕೊಡದೆ, ಪ್ಯಾಡಿಂಗ್ ಮಾತ್ರ ಕೊಟ್ಟು, ಕೆಳಗಿನ ಪ್ಯಾಡಿಂಗನ್ನು ಮೇಲಿನದಕ್ಕಿಂತ ಒಂದೆರಡು ಪಿಕ್ಸೆಲ್ ಹೆಚ್ಚಿಟ್ಟರೆ ಸಾಲು ಸಮಾಧಾನವಾಗಿ ಕಾಣುತ್ತದೆ.

ಪ್ಯಾರಾಗಳ ನಡುವಿನ ಅಂತರಕ್ಕೆ 2023ರಲ್ಲಿ ಬ್ರೌಸರುಗಳಿಗೆಲ್ಲ ಬಂದ ಎಲ್‌ಎಚ್ ಎಂಬ ಅಳತೆ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಎಲ್‌ಎಚ್ ಎಂದರೆ ಆ ಘಟಕದ ಒಂದು ಸಾಲಿನ ಎತ್ತರ. ಕನ್ನಡ ಭಾಗಕ್ಕೆ 1.7, ಇಂಗ್ಲಿಷ್ ಭಾಗಕ್ಕೆ 1.5 ಎಂದಿದ್ದರೆ ಪ್ಯಾರಾದ ಅಂತರ ತಾನಾಗಿ ಬೇರೆಯಾಗುತ್ತದೆ. ಎರಡು ಪಟ್ಟಿ ಬರೆಯಬೇಕಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಸಿಎಚ್ ಎಂಬ ಅಳತೆ. ಸಾಲಿನ ಉದ್ದವನ್ನು 65 ಸಿಎಚ್‌ಗೆ ಮಿತಿಗೊಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆದರೆ ಅದು ಸೊನ್ನೆ ಅಂಕಿಯ ಅಗಲ. ಕನ್ನಡ ಅಕ್ಷರ ಸಾಮಾನ್ಯವಾಗಿ ಅದಕ್ಕಿಂತ ಅಗಲವಾದ್ದರಿಂದ ಈ ಲೆಕ್ಕ ಕೈಕೊಡುತ್ತದೆ. ಶೀರ್ಷಿಕೆಯ ಮೇಲೆ ಕೆಳಗಿನ ಹೆಚ್ಚುವರಿ ಜಾಗವನ್ನು ಕತ್ತರಿಸುವ ಹೊಸ ಗುಣವೂ ಸಾಮಾನ್ಯವಾಗಿ ರೋಮನ್ ದೊಡ್ಡಕ್ಷರದ ತುದಿಯನ್ನೇ ಗುರುತಾಗಿ ಹಿಡಿಯುತ್ತದೆ. ಒತ್ತಿನ ಬುಡ ಅದರ ಲೆಕ್ಕದಲ್ಲಿಲ್ಲ.

ಅಕ್ಷರಗಳ ನಡುವಿನ ಅಂತರ, ಲೆಟರ್-ಸ್ಪೇಸಿಂಗ್, ಕನ್ನಡಕ್ಕೆ ಒಳ್ಳೆಯದಲ್ಲ. ಇಂಗ್ಲಿಷಿನ ದೊಡ್ಡಕ್ಷರದ ಶೀರ್ಷಿಕೆಗೆ ಅದು ಠೀವಿ ತರಬಹುದು. ಕನ್ನಡದಲ್ಲಿ ಪದ ಒಡೆದಂತೆ ಕಾಣುತ್ತದೆ. ಅಕ್ಷರದ ಗಡಿ ಎಲ್ಲಿ ಎಂಬ ಪ್ರಶ್ನೆಯೂ ಇದೆ. ಯುನಿಕೋಡಿನ 15.1ನೆಯ ಆವೃತ್ತಿ 2023ರಲ್ಲಿ ಸಂಯುಕ್ತಾಕ್ಷರವನ್ನು ಒಡೆಯದ ಒಂದೇ ಘಟಕವೆಂದು ಎಣಿಸುವ ನಿಯಮ ತಂದಾಗ ಆರು ಭಾರತೀಯ ಲಿಪಿಗಳಿಗೆ ಅನ್ವಯಿಸಿತು. ಮಲಯಾಳ, ತೆಲುಗು ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ.

ಒಂದೇ ಪುಟ, ಎರಡು ಮೂರು ಲಿಪಿ

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡು 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಸಪ್ತಭಾಷಾ ಸಂಗಮ ಭೂಮಿ ಎಂಬ ಬಿರುದು ಹೊತ್ತ ಈ ಜಿಲ್ಲೆಯಲ್ಲಿ ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಕಾಗದದ ಅರ್ಜಿಗೆ ಸಿಕ್ಕ ಹಕ್ಕು ತೆರೆಯ ಮೇಲಿನ ಅರ್ಜಿಗೂ ಸಿಗಬೇಕಾದರೆ ಕನ್ನಡ ಪದಗಳು ಆ ಅರ್ಜಿಯ ಪೆಟ್ಟಿಗೆಗಳಲ್ಲಿ ಹಿಡಿಯಬೇಕು. ಹಾಗೆ ನೋಡಿದರೆ ಇಲ್ಲಿ ಅಂತರ ಬರಿಯ ಅಂದದ ಮಾತಲ್ಲ.

ಮಲಯಾಳ ಪದಗಳು ಸಾಮಾನ್ಯವಾಗಿ ಅಗಲದಲ್ಲಿ ಜಾಗ ಕೇಳುತ್ತವೆ. 1971ರ ಲಿಪಿ ಸುಧಾರಣೆ ಹಲವು ಸಂಯುಕ್ತಾಕ್ಷರಗಳನ್ನು ಬಿಡಿಸಿ ಅಡ್ಡಕ್ಕೆ ಹರಡಿತು. ಹಳೆಯ ಲಿಪಿಯ ರಚನ, ಮಂಜರಿಯಂಥ ಫಾಂಟುಗಳಲ್ಲಿ ಅಕ್ಷರಗಳು ಒಂದರ ಕೆಳಗೊಂದು ಕೂಡಿಕೊಂಡು ಕನ್ನಡದ ಹಾಗೆ ಆಳ ಕೇಳುತ್ತವೆ. ಆದ್ದರಿಂದ ಒಂದೇ ಅಂತರ ಸೂತ್ರ ಎರಡಕ್ಕೂ ಸಾಲದು. ಘಟಕದ ಭಾಷೆಯನ್ನು ಪುಟದ ರಚನೆ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಗುರುತಿಸಿ, ಸಿಎಸ್‌ಎಸ್‌ನ ಲ್ಯಾಂಗ್ ಆಯ್ಕೆಕಾರಕದಲ್ಲಿ ಒಂದೊಂದು ಭಾಷೆಗೆ ಒಂದೊಂದು ಸಾಲೆತ್ತರವನ್ನು ಚರದಲ್ಲಿ ಇಡುವುದು ನೇರ ದಾರಿ. ಉಳಿದ ನಿಯಮಗಳೆಲ್ಲ ಆ ಚರವನ್ನೇ ಕೇಳಲಿ. ಕನ್ನಡ ಪುಟಕ್ಕೆಂದು ಬೇರೆಯೇ ಶೈಲಿ ಕಡತ ಮಾಡಿಡುವ ತಾಣಗಳೂ ಇವೆ. ಒಂದೆರಡು ವರ್ಷದಲ್ಲಿ ಆ ಎರಡನೆಯ ಕಡತವನ್ನು ಯಾರೂ ಮುಟ್ಟದೆ ಅದು ಹಳಸುತ್ತದೆ.

ಜಿಲ್ಲೆಯ ಉತ್ತರದ ಉಪ್ಪಳ ಸುತ್ತಿನಲ್ಲಿ ಉರ್ದು ಮಾತಾಡುವವರಿದ್ದಾರೆ. ಆ ಲಿಪಿ ಬಲದಿಂದ ಎಡಕ್ಕೆ ಸಾಗುವುದರಿಂದ ಎಡ ಮಾರ್ಜಿನ್, ಬಲ ಪ್ಯಾಡಿಂಗ್ ಎಂದು ಬರೆದ ನಿಯಮಗಳೆಲ್ಲ ತಲೆಕೆಳಗಾಗುತ್ತವೆ. ಎಡ-ಬಲದ ಬದಲು ಸಾಲಿನ ಆರಂಭ-ಕೊನೆ ಎಂದು ಹೇಳುವ ತಾರ್ಕಿಕ ಗುಣಗಳು 2021ರ ಹೊತ್ತಿಗೆ ಪ್ರಮುಖ ಬ್ರೌಸರುಗಳಲ್ಲೆಲ್ಲ ನೆಲೆಯೂರಿದವು. ಅದೇ ವರ್ಷ ಬಂದ ಬೂಟ್‌ಸ್ಟ್ರಾಪ್ 5 ತನ್ನ ಅಂತರ ವರ್ಗಗಳ ಹೆಸರಿನಲ್ಲಿದ್ದ ಎಡ-ಬಲಗಳನ್ನು ಕೈಬಿಟ್ಟು ಆರಂಭ-ಕೊನೆಗಳನ್ನು ತಂದಿತು.

ಎಲ್ಲರಿಗೂ ಎಟುಕುವ ಪುಟ

ಡಬ್ಲ್ಯು3ಸಿಯ ಸುಲಭಲಭ್ಯತೆ ಮಾರ್ಗಸೂಚಿಯ 2.1ನೆಯ ಆವೃತ್ತಿ 2018ರಲ್ಲಿ ಪಠ್ಯದ ಅಂತರಕ್ಕೊಂದು ಪರೀಕ್ಷೆ ಇಟ್ಟಿತು. ಓದುಗರು ಸಾಲೆತ್ತರವನ್ನು ಅಕ್ಷರದ 1.5 ಪಟ್ಟು, ಪ್ಯಾರಾ ಅಂತರವನ್ನು 2 ಪಟ್ಟು, ಅಕ್ಷರದ ಅಂತರವನ್ನು 0.12, ಪದದ ಅಂತರವನ್ನು 0.16 ಪಟ್ಟು ಮಾಡಿಕೊಂಡರೂ ಪುಟದಲ್ಲಿ ಏನೂ ಕಳೆದುಹೋಗಬಾರದು. ಇಷ್ಟು ಅಂತರ ಕೊಡಿ ಎಂಬ ಆದೇಶ ಇದಲ್ಲ. ಓದುಗರು ಹಿಗ್ಗಿಸಿಕೊಂಡಾಗ ಪೆಟ್ಟಿಗೆ ಒಡೆಯದಿರಲಿ ಎಂಬುದಷ್ಟೇ. ಭಾರತ ಸರಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ಮೊದಲು ಬಂದು, 2023ರಲ್ಲಿ ಮೂರನೆಯ ಆವೃತ್ತಿ ಕಂಡಿದೆ. ಅದೂ ಈ ಮಾನದಂಡವನ್ನು ಆಧರಿಸಿದೆ. ಗಟ್ಟಿ ಎತ್ತರದ ಪೆಟ್ಟಿಗೆಗಳನ್ನು ಬಿಟ್ಟುಕೊಟ್ಟ ತಾಣ ಈ ಪರೀಕ್ಷೆಯನ್ನು ಬಹುಮಟ್ಟಿಗೆ ತಾನಾಗಿ ಪಾಸು ಮಾಡುತ್ತದೆ.

ಕಲಿಕೆ

ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಎನಿಸಿಕೊಂಡಿರುವ ಸರಕಾರಿ ಸಂಸ್ಥೆ ಸ್ವತಂತ್ರ ತಂತ್ರಾಂಶದ ಮೂಲಕ ಕಂಪ್ಯೂಟರ್ ಕಲಿಸುತ್ತ ಬಂದಿದೆ. ಶಾಲೆಯ ಐಸಿಟಿ ಪಠ್ಯದಲ್ಲಿ ಜಾಲಪುಟ ವಿನ್ಯಾಸ, ಸಿಎಸ್‌ಎಸ್ ಸೇರಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ವಿಷಯವನ್ನು ಶಾಲೆಯಲ್ಲೇ ಮುಟ್ಟಿ ನೋಡುತ್ತಾರೆ. ಬಣ್ಣ, ಅಕ್ಷರ ಗಾತ್ರ ಮಕ್ಕಳಿಗೆ ಬೇಗ ಹತ್ತುತ್ತವೆ. ಅಂತರ ಹಿಂದೆ ಬೀಳುತ್ತದೆ. ಕನ್ನಡ ಪಠ್ಯವನ್ನೇ ಮಾದರಿಯಾಗಿ ಕೊಟ್ಟು ಸಾಲೆತ್ತರ ಬದಲಾಯಿಸಿ ನೋಡಲು ಹೇಳಿದರೆ ಪಾಠ ಹತ್ತು ನಿಮಿಷದ್ದು.

ಈ ಸೀಮೆಯ ಇನ್ನೊಂದು ಲಿಪಿಯೂ ಈಗ ಜಾಲದ ಬಾಗಿಲಿಗೆ ಬಂದಿದೆ. ಇಂದು ಬಹುಪಾಲು ಕನ್ನಡ ಲಿಪಿಯಲ್ಲೇ ಬರೆಯಲಾಗುವ ತುಳುವಿನ ಹಳೆಯ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಎಂಬ ಹೆಸರಿನಿಂದ ಸ್ಥಾನ ಸಿಕ್ಕಿದೆ. ಅದರಲ್ಲೂ ಸಂಯುಕ್ತಾಕ್ಷರಗಳು ಕೆಳಗೆ ಕೂಡಿಕೊಳ್ಳುವುದರಿಂದ ಸಾಲೆತ್ತರದ ಚರಗಳ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕಾಗುತ್ತದೆ.